ಮಿತ್ರ ಹೊಲಕ್ಕೊಂದು ವಾಯು ರಕ್ಷಣೆ

ಎಳ್ಳಮಾವಾಸ್ಯೆ ಮುಗಿದಿತ್ತು, ಚಳಿ ಮುಗಿದಿರಲಿಲ್ಲ. ಅರಕೇರಾ ಸುತ್ತಿನ ಎರೆಹೊಲಗಳಲ್ಲಿ ಬಿಳಿಜೋಳ ಆಳೆತ್ತರ ನಿಂತು ತೆನೆಗಳಲ್ಲಿ ಹಾಲು ತುಂಬಿಕೊಳ್ಳುತ್ತಿತ್ತು. ಹಾಲುಗಾಳಿನ ಈ ದಿನಗಳಲ್ಲಿ ಹೊಲ ರೈತನ ಹೆಸರಿನಲ್ಲಿದ್ದರೂ ಹಕ್ಕಿಗಳ ಕೈಯಲ್ಲಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೊದಲು ಗುಬ್ಬಿ, ಅವುಗಳ ಹಿಂದೆ ಗಿಳಿ, ಮದುವೆಯ ಊಟಕ್ಕೆ ಟೆಂಪೊ ಮಾಡಿಕೊಂಡು ಬಂದ ಬೀಗರ ಹಾಗೆ ಗದ್ದಲ ಮಾಡುತ್ತಾ ಇಳಿಯುತ್ತಿದ್ದವು.

ಗದ್ದೆಪ್ಪ ಕಂಬಳಿ ಹೊದ್ದು, ಹೆಗಲಿಗೆ ಕವಣೆ ಹಾಕಿಕೊಂಡು, ಹೊಲದ ನಡುವಿನ ಅಟ್ಟ ಏರಿದ. ನಾಲ್ಕು ಜಾಲಿಗೂಟದ ಮೇಲೆ ತಡಿಕೆ ಹಾಸಿದ ಅಟ್ಟ ಅದು. ಅದರ ಮೇಲೆ ನಿಂತರೆ ಅವನು ರಾಜ. ಕವಣೆ ಅವನಿಗೆ ಬರಿಯ ಒಡವೆ. ನಿಜವಾದ ಆಯುಧ ಅವನ ಗಂಟಲು. ‘ಹೋ... ಹೋಗ್!’ ಎಂದು ಅವನೊಮ್ಮೆ ಕೂಗಿದರೆ ತನ್ನ ಹೊಲದ ಹಕ್ಕಿಗಳ ಜೊತೆಗೆ ಹಳ್ಳದಾಚೆಯವೂ ಏಳುತ್ತಿದ್ದವು. ಒಮ್ಮೆ ದೇವದುರ್ಗದ ಬಸ್ಸಿನ ಡ್ರೈವರ್ ಯಾರೋ ಕೈ ಮಾಡಿ ಕೂಗಿದರೆಂದು ರಸ್ತೆಯಲ್ಲೇ ಬ್ರೇಕು ಹಾಕಿದ್ದನ್ನು ಗದ್ದೆಪ್ಪ ಇಂದಿಗೂ ಹೊಸಬರಿಗೆ ಹೇಳುತ್ತಾನೆ. ಹಳಬರಿಗೂ ಹೇಳುತ್ತಾನೆ.

ಅಂದು ಅವನು ಎದೆ ತುಂಬ ಉಸಿರೆಳೆದು ಬಾಯಿ ತೆರೆದ. ಅಷ್ಟರಲ್ಲಿ ಬದುವಿನ ಆಚೆಯಿಂದ ಇನ್ನೊಂದು ಧ್ವನಿ ಎದ್ದಿತು.

‘ಹೋ... ಹೋಗ್! ಹೋ... ಹೋಗ್!’

ತುಂಬಿದ, ಕಂಚಿನಂಥ, ಹೊಲದ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಗುವ ಧ್ವನಿ. ಆಚೆ ಹೊಲದ ಗುಬ್ಬಿಗಳೆಲ್ಲ ಯಾರೋ ಚಾದರ ಕೊಡವಿದ ಹಾಗೆ ಒಮ್ಮೆಗೇ ಎದ್ದು ಗಾಳಿಯಲ್ಲಿ ಒಂದು ಸುತ್ತು ಹೊಡೆದವು. ಆಮೇಲೆ ನೇರ ಬಂದು ಗದ್ದೆಪ್ಪನ ಜೋಳದ ಮೇಲೆ ಕುಳಿತವು.

ಆ ಹೊಲ ನಾಗೇಶನದು. ದೇವದುರ್ಗದಲ್ಲಿ ಮೊಬೈಲು ರಿಪೇರಿ ಅಂಗಡಿ ಇಟ್ಟವನು. ಹೊಲಕ್ಕೆ ಬರುವುದು ಫೋಟೊ ತೆಗೆದುಕೊಳ್ಳಲಿಕ್ಕೆ ಮಾತ್ರ ಎಂಬುದು ಗದ್ದೆಪ್ಪನ ಮತ. ನಿನ್ನೆ ಸಂಜೆ ಅವನು ಬೇವಿನ ಗಿಡಕ್ಕೆ ಏನೋ ಕಟ್ಟುತ್ತಿದ್ದುದನ್ನು ಗದ್ದೆಪ್ಪ ಕಂಡಿದ್ದ. ಅದೊಂದು ಕಹಳೆಯಾಕಾರದ ಸ್ಪೀಕರು, ಕೆಳಗೊಂದು ಡಬ್ಬಿ, ಹಳೆ ಬ್ಯಾಟರಿ. ಗಿಡದ ಕೆಳಗೆ ಮನುಷ್ಯನಿಲ್ಲ, ಮೇಲೆ ಧ್ವನಿ ಇದೆ.

ಹಿಟ್ಟಿನ ಗಿರಣಿಗೆ ಜೋಳ ಹೊತ್ತು ಹೊರಟಿದ್ದ ಗದ್ದೆಪ್ಪನ ಹೆಂಡತಿ ಆದೆಮ್ಮ ಬದುವಿನ ಮೇಲೆ ನಿಂತುಬಿಟ್ಟಳು. ಕಣ್ಣು ಮುಚ್ಚಿ ಕೇಳಿದಳು.

“ಎಂಥಾ ಧ್ವನಿ ಅದು! ಕೇಳಿದಷ್ಟೂ ಕೇಳಬೇಕು ಅನಸ್ತದ ನೋಡು. ಗಂಡಸಿನ ಧ್ವನಿ ಅಂದ್ರ ಹಿಂಗಿರಬೇಕು.”

ಇಪ್ಪತ್ತು ವರ್ಷದ ಸಂಸಾರದಲ್ಲಿ ಆದೆಮ್ಮ ಅವನ ಕೂಗನ್ನು ಹೊಗಳಿದ್ದೇ ಇಲ್ಲ. ಗದ್ದೆಪ್ಪನ ಹೊಟ್ಟೆಯಲ್ಲಿ ಯಾರೋ ಮೆಣಸಿನಕಾಯಿ ಹುರಿಯತೊಡಗಿದರು.

“ನಡಿ ನಡಿ, ಗಿರಣಿ ಮುಚ್ಚತದ! ಮಷೀನಿನ ಗಂಟಲಿಗೆ ಮರುಳಾಗ್ತಾಳ! ಅಂವ ಯಾವನೋ ಹೈದರಾಬಾದಿನ ಸಿನಿಮಾದಂವ ಇರಬೇಕು. ರೊಕ್ಕಕ್ಕ ಒದರ್ಯಾನ.”

ಆದೆಮ್ಮ ಅವನ ಮುಖವನ್ನು ಸೋಜಿಗದಿಂದ ನೋಡಿದಳು. “ಏನ್ ಮಾತಾಡಾಕತ್ತಿ? ಚಳಿಗೆ ತಲಿ ಕೆಟ್ಟದೇನು?” ಎಂದು ನಗುತ್ತಲೇ ಹೋದಳು. ಆ ನಗು ಗದ್ದೆಪ್ಪನಿಗೆ ಹೊಗಳಿಕೆಗಿಂತ ಹೆಚ್ಚು ಸುಟ್ಟಿತು.

ಯಂತ್ರಕ್ಕೂ ತನಗೂ ಇವತ್ತು ತೀರ್ಮಾನವಾಗಿಹೋಗಲಿ ಎಂದುಕೊಂಡ. ಅದು ಒಮ್ಮೆ ಕೂಗಿದರೆ ಇವನು ಎರಡು ಸಲ ಕೂಗಿದ. ಅದು ಸುಮ್ಮನಾದಾಗಲೂ ಇವನು ಕೂಗಿದ. ಹಕ್ಕಿಗಳು ಈ ಹೊಲದಿಂದ ಆ ಹೊಲಕ್ಕೆ, ಆ ಹೊಲದಿಂದ ಈ ಹೊಲಕ್ಕೆ, ಎರಡು ಆಫೀಸಿನ ನಡುವೆ ಅಲೆಯುವ ಪಿಂಚಣಿದಾರರ ಹಾಗೆ ಹಾರಾಡಿದವು. ಯಂತ್ರ ಉಸಿರು ತೆಗೆದುಕೊಳ್ಳುವುದಿಲ್ಲ, ನೀರು ಕುಡಿಯುವುದಿಲ್ಲ, ಕೆಮ್ಮುವುದಿಲ್ಲ. ಬಿಸಿಲು ಏರುವಷ್ಟರಲ್ಲಿ ಗದ್ದೆಪ್ಪನ ‘ಹೋಗ್’ ಒಡೆದು ‘ಹೊಕ್’ ಆಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಬರೀ ಗಾಳಿ ಬಂತು, ಪಂಕ್ಚರ್ ಆದ ಟ್ಯೂಬಿನಿಂದ ಬಂದ ಹಾಗೆ. ಅವನ ಅಟ್ಟದ ಗೂಟದ ಮೇಲೆಯೇ ಒಂದು ಗಿಳಿ ಬಂದು ಕುಳಿತು, ಕತ್ತು ಓರೆ ಮಾಡಿ ಅವನ ಬಾಯೊಳಗೆ ನೋಡಿತು.

ಬಿಸಿ ಚಹಾ ಕುಡಿದರೆ ಗಂಟಲು ಬಿಟ್ಟೀತೆಂದು ಖಾಸಿಂ ಸಾಬನ ಹೋಟೆಲಿಗೆ ನಡೆದ. ಅಲ್ಲಿ ಸಂಕರ್ಷಣಾಚಾರ್ ಮಾಸ್ತರು ಪತ್ರಿಕೆ ಬಿಡಿಸಿಕೊಂಡು ಕುಳಿತಿದ್ದರು. ಮಾನ್ವಿಯವರು, ಇಲ್ಲಿಯ ಶಾಲೆಯಿಂದ ನಿವೃತ್ತರಾಗಿ ಇಲ್ಲೇ ನಿಂತವರು. ಓದಿದ್ದನ್ನು ಇನ್ನೊಬ್ಬರಿಗೆ ಹೇಳದೆ ಅವರಿಗೆ ಅರಗುತ್ತಿರಲಿಲ್ಲ. ಪಕ್ಕದಲ್ಲಿ ನಾಗೇಶ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ.

“ಕೇಳ್ರಿ ಇಲ್ಲೆ,” ಎಂದರು ಮಾಸ್ತರು. “ನಮ್ಮ ಸರಕಾರ ಮಿತ್ರ ದೇಶಗಳಿಗೆ ವಾಯು ರಕ್ಷಣಾ ವ್ಯವಸ್ಥೆ ಮಾರಾಕತ್ತದಂತ. ಒಂದು ಕಾಲಕ್ಕ ನಾವು ಎಲ್ಲಾ ಹೊರಗಿಂದ ತರ್ತಿದ್ವಿ. ಈಗ ನಾವs ಮಾಡಿ, ನಾವs ಮಾರತೀವಿ!”

“ಅಂದ್ರ ಏನ್ ಸಾಮಾನು ಸಾರ್ ಅದು?” ಎಂದ ಖಾಸಿಂ ಸಾಬ್.

“ಮ್ಯಾಲಿಂದ ವೈರಿ ವಿಮಾನ ಬರ್ತಾವಲ್ಲ, ಅವನ್ನ ಮ್ಯಾಲs ಹೊಡದು ಹಾಕೋದು. ಆದ್ರ ಕಂಡ ಕಂಡವರಿಗೆ ಮಾರಂಗಿಲ್ಲ. ಮಿತ್ರರಿಗೆ ಮಾತ್ರ. ಕೊಂಡವರು ಅದನ್ನ ಮತ್ತೊಬ್ಬರಿಗೆ ಮಾರಂಗಿಲ್ಲ, ಬಿಚ್ಚಿ ನೋಡಂಗಿಲ್ಲ, ರಿಪೇರಿ ಕೊಟ್ಟವರ ಕಡೆನs. ಮತ್ತ ಕೆಲವು ದೇಶ ಹೊರಗ ಕೊಡೋದು ಒಂದು ಮೆಟ್ಟಲು ಕಡಿಮಿ ಮಾಲು. ಪೂರಾ ಮಾಲು ತಮ್ಮ ಮನ್ಯಾಗ ಇಟ್ಕೋತಾವ.”

“ಭಾರಿ ಶ್ಯಾಣ್ಯಾ ಧಂದೆ!” ನಾಗೇಶ ತೊಡೆ ತಟ್ಟಿದ. “ಹಂಗಾದ್ರ ಬೇವಿನ ಗಿಡಕ್ಕ ನಾ ಕಟ್ಟಿದ್ದೂ ವಾಯು ರಕ್ಷಣಾ ವ್ಯವಸ್ಥೆನs. ರಾಯಚೂರಾಗ ಎರಡು ಸ್ಪೀಕರ್ ತಂದೀನಿ ಸಾರ್. ಇನ್ನೊಂದು ಸೆಟ್ ಗಾಡ್ಯಾಗ ಅದ. ಮಿತ್ರರು ಯಾರರ ಇದ್ರ ಹೇಳ್ರಿ.”

“ಬೆಳಿಗ್ಗೆ ಈ ಕಡೆ ಬರೋವಾಗ ಕೇಳಿದೆ,” ಎಂದರು ಮಾಸ್ತರು. “ಎಂಥಾ ಕಂಠ! ನಾಭಿಯಿಂದ ಬರ್ತದ.” ಹಾಗೆ ಹೇಳಿ ಅವರು ಗದ್ದೆಪ್ಪನನ್ನು ನೋಡಿ ನಕ್ಕರು. ಖಾಸಿಂ ಸಾಬನೂ ನಕ್ಕ. “ನಿನ್ನ ನಸೀಬು ಖುಲಾಯಿಸ್ತು ಬಿಡು ಗದ್ದೆಪ್ಪಾ. ಇನ್ನ ಅಟ್ಟ ಹತ್ತೋದs ಬ್ಯಾಡ!”

ಊರೆಲ್ಲ ಸೇರಿ ತನ್ನನ್ನು ಅಣಕಿಸುತ್ತಿದೆ ಎಂದು ಗದ್ದೆಪ್ಪನಿಗೆ ಖಾತ್ರಿಯಾಯಿತು. ಉತ್ತರ ಕೊಡಲು ಬಾಯಿ ತೆರೆದ. ಗಾಳಿ ಬಂತು.

ಆ ಗಳಿಗೆಯಲ್ಲಿ ಅವನಿಗೆ ಒಂದೇ ಹಟ ಬಂತು. ಆ ಧ್ವನಿ ನಾಗೇಶನ ಹೊಲದಲ್ಲಿ ಮಾತ್ರ ಇರಬಾರದು. ಆದೆಮ್ಮ ಬುತ್ತಿ ಹೊತ್ತು ಬರುವ ಹೊತ್ತಿಗೆ ಅದು ತನ್ನ ಅಟ್ಟದ ಮೇಲೂ ಮೊಳಗಬೇಕು. ಕೇಳಿ ಅವಳು ತನ್ನ ಹೊಲದಲ್ಲಿ ಕಣ್ಣು ಮುಚ್ಚಬೇಕು. ಅವನು ಎದ್ದು ನಾಗೇಶನ ಮುಂದೆ ನಿಂತು, ರಸ್ತೆಯಲ್ಲಿದ್ದ ಗಾಡಿಯತ್ತ ಕೈ ತೋರಿಸಿದ, ತನ್ನ ಎದೆ ತಟ್ಟಿಕೊಂಡ.

“ನಿನಗ ಬೇಕೇನು ಕಾಕಾ? ಆದ್ರ ನೀ ನನ್ನ ಮಿತ್ರ ಎಲ್ಲಿ? ಹೋದ ವರ್ಷ ನನ್ನ ಎತ್ತು ಬದು ದಾಟಿತಂತ ಮೂರು ತಿಂಗಳು ನನ್ನ ಜೋಡಿ ಮಾತು ಬಿಟ್ಟಿದ್ದಿ.”

ಗದ್ದೆಪ್ಪ ಹಿಂದೆ ಮುಂದೆ ನೋಡದೆ ನಾಗೇಶನನ್ನು ಅಪ್ಪಿಕೊಂಡ. ಚಹಾದ ಕಪ್ಪು ಇಬ್ಬರ ನಡುವೆ ಸಿಕ್ಕು, ಚಹಾ ಎರಡೂ ಅಂಗಿಗಳಿಗೆ ಸಮನಾಗಿ ಹಂಚಿಹೋಯಿತು. ಮಾಸ್ತರು ಚಪ್ಪಾಳೆ ತಟ್ಟಿದರು.

“ಆಯ್ತು, ಮಿತ್ರ ಹೊಲ ಅಂತ ಒಪ್ಪಿದೆ,” ಎಂದ ನಾಗೇಶ ಅಂಗಿ ಒರೆಸಿಕೊಳ್ಳುತ್ತಾ. “ಈಗ ರೊಕ್ಕ ಬ್ಯಾಡ. ರಾಶಿ ದಿನ ಒಂದು ಚೀಲ ಜೋಳ ಕೊಡು.”

ಎರಡು ದಿನ ನಡೆಸಿ ನೋಡಿ ಆಮೇಲೆ ಹೇಳುತ್ತೇನೆ ಎನ್ನಲು ಗದ್ದೆಪ್ಪ ಎರಡು ಬೆರಳು ಎತ್ತಿದ.

“ಎರಡು ಚೀಲ!” ನಾಗೇಶ ಕಣ್ಣರಳಿಸಿದ. “ದೊಡ್ಡ ಮನಸ್ಸು ಕಾಕಾ ನಿಂದು! ಮಾಸ್ತರ್ರ, ನೀವs ಸಾಕ್ಷಿ.”

ಗದ್ದೆಪ್ಪ ತಲೆ ಅಲ್ಲಾಡಿಸಿದ, ಕೈ ಬೀಸಿದ, ಕಾಲು ಕುಟ್ಟಿದ. “ಇನ್ನೂ ಹೆಚ್ಚಿಗೆ ಕೊಡ್ತಾನಂತ ಕಾಣ್ತದ, ಸಾಕು ಸಾಕು,” ಎಂದು ಖಾಸಿಂ ಸಾಬ್ ಅವನನ್ನು ಹಿಡಿದು ಕೂರಿಸಿದ.

“ಮತ್ತ ಮುಂಗಡ?” ಎಂದರು ಮಾಸ್ತರು. “ಮುಂಗಡ ಇಲ್ದ ಯಾವ ಸರಕಾರನೂ ಸಾಮಾನು ಬಿಡಂಗಿಲ್ಲ.”

ನಾಗೇಶ ನಕ್ಕ. “ಕಾಕಾನ ಕಡೆ ಏನ್ ಮುಂಗಡ ಕೇಳೋದ್ರಿ? ಇವತ್ತಿನ ಬುತ್ತಿ ಕೊಟ್ರ ಮುಗೀತು. ಆದೆಮ್ಮ ಕಾಕಿ ಕೈ ರೊಟ್ಟಿ ತಿಂದು ಬಾಳ ದಿನ ಆತು.”

ಒಂದು ಹೊತ್ತಿನ ರೊಟ್ಟಿ ತಾನೆ! ಅದೂ ನಿನ್ನೆಯ ಹಾಗೆ ಪುಂಡಿಪಲ್ಯವೇ ಇದ್ದೀತು. ಗದ್ದೆಪ್ಪ ಈ ಒಂದು ಷರತ್ತಿಗೆ ಸಂತೋಷದಿಂದಲೇ ತಲೆಯಾಡಿಸಿದ.

ಮಾಸ್ತರು ವಾಯು ರಕ್ಷಣೆಯನ್ನು ಕಣ್ಣಾರೆ ನೋಡಲು ಧೋತರ ಎತ್ತಿ ಹಿಡಿದು ಹಿಂದೆಯೇ ಬಂದರು. ನಾಗೇಶ ಅಟ್ಟದ ಗೂಟಕ್ಕೆ ಸ್ಪೀಕರು ಬಿಗಿದ. ಬೇವಿನ ಗಿಡದ ಡಬ್ಬಿಯಲ್ಲಿದ್ದ, ಧ್ವನಿ ತುಂಬಿದ ಮೆಮೊರಿ ಚಿಪ್ ತೆಗೆದು ಗದ್ದೆಪ್ಪನ ಡಬ್ಬಿಗೆ ಹಾಕಿದ. ತನ್ನ ಡಬ್ಬಿಗೆ ಇನ್ನೊಂದು ಚಿಪ್ ಹಾಕಿ, ಫೋನಿನಲ್ಲಿದ್ದ ಪೂರಾ ರೆಕಾರ್ಡು ತುಂಬಿಕೊಂಡ.

“ಬಿಚ್ಚಂಗಿಲ್ಲ, ನನ್ನ ಹೊಲದ ಕಡೆ ಮುಖ ತಿರುಗಿಸಂಗಿಲ್ಲ. ಈ ಕೆಂಪು ಬಟನ್ ಒತ್ತು, ಅಷ್ಟೇ.”

ಗದ್ದೆಪ್ಪ ಒತ್ತಿದ. ‘ಹೋ... ಹೋಗ್!’ ಗೂಟದ ಮೇಲಿನ ಗಿಳಿ ಮೊದಲು ಹಾರಿತು, ಅದರ ಹಿಂದೆ ಹೊಲಕ್ಕೆ ಹೊಲವೇ ಎದ್ದಿತು. ಬೆಳಗಿನಿಂದ ಉರಿಯುತ್ತಿದ್ದ ಹೊಟ್ಟೆಯ ಮೇಲೆ ತಣ್ಣೀರು ಸುರಿದಂತಾಯಿತು. ಎಂಥ ಧ್ವನಿ! ಅದು ಈಗ ಅವನದು.

ನೆತ್ತಿಗೆ ಬಿಸಿಲು ಬಂದಾಗ ಆದೆಮ್ಮ ತಲೆಯ ಮೇಲೆ ಬುತ್ತಿ ಹೊತ್ತು ಬದುವಿನ ಮೇಲೆ ಕಾಣಿಸಿಕೊಂಡಳು. ಗದ್ದೆಪ್ಪ ಕೆಂಪು ಬಟನಿನ ಮೇಲೆ ಬೆರಳಿಟ್ಟು, ಅವಳು ಹತ್ತಿರ ಬರಲೆಂದು ಕಾದ. ಅವಳು ಇನ್ನೂ ದೂರವಿರುವಾಗಲೇ ಬೇವಿನ ಗಿಡ ಕೂಗಿತು.

‘ಹೋ... ಹೋಗ್!’ ಆಮೇಲೆ ಒಂದು ಕೆಮ್ಮು. ಆಮೇಲೆ, ‘ಆದೆಮ್ಮಾ... ಬುತ್ತಿ ತಂದ್ಯೇನು ಬೇ? ಲಗೂ ಬಾ, ನಿನ್ನ ದಾರಿ ನೋಡಿ ನೋಡಿ ಕಣ್ಣು ಸೋತ್ವು!’

“ಬಂದೆ, ತಡಿ,” ಎಂದು ಆದೆಮ್ಮ ಲಕ್ಷ್ಯವಿಲ್ಲದೆ ಉತ್ತರಿಸಿ, ಬದುವಿನಿಂದ ಇಳಿದು, ನಾಗೇಶನ ಹೊಲಕ್ಕೆ ತಿರುಗಿದಳು.

ಗದ್ದೆಪ್ಪ ಅಟ್ಟದ ಮೇಲೆ ಕಲ್ಲಾಗಿ ನಿಂತ. ಆ ಮಾತು ಅವನದು. ಎಳ್ಳಮಾವಾಸ್ಯೆಯ ಮಧ್ಯಾಹ್ನ, ಇದೇ ಅಟ್ಟದ ಮೇಲೆ ನಿಂತು, ಅವನೇ ಕೂಗಿದ್ದು. ಕೆಮ್ಮೂ ಅವನದೇ. ಅಂದರೆ ಆ ‘ಹೋಗ್’? ಆ ಕಂಚಿನ ಧ್ವನಿ?

‘ಆದೆಮ್ಮಾ’ ಎಂದು ಕೂಗಲು ಹೋದ. ಗಾಳಿ ಬಂತು. ಎರಡು ಕೈ ಬೀಸಿದ. ಆದೆಮ್ಮ ಯಾರೋ ಹಕ್ಕಿ ಓಡಿಸುತ್ತಿದ್ದಾರೆಂದುಕೊಂಡು ನಡೆದೇ ಇದ್ದಳು. ಬೇರೆ ದಾರಿ ಕಾಣದೆ ಅವಳನ್ನು ಕರೆಯಲು ಅವನು ಕೆಂಪು ಬಟನ್ ಒತ್ತಿಬಿಟ್ಟ.

‘ಹೋ... ಹೋಗ್! ಹೋ... ಹೋಗ್!’

ಆದೆಮ್ಮ ಗಕ್ಕನೆ ನಿಂತು ತಿರುಗಿದಳು. “ಏನಂದಿ? ಹೋಗ್ ಅಂತೀಯೇನು ನನಗ? ಬಿಸಿಲಾಗ ಬುತ್ತಿ ಹೊತ್ಕೊಂಡು ಬಂದಾಕಿಗೆ?”

ಯಂತ್ರ ಅವಳಿಗೆ ಮತ್ತೊಮ್ಮೆ ಅದನ್ನೇ ಹೇಳಿತು.

“ಹೋಗ್ತೀನಿ ತಗೋ! ಆ ಗಿಡನs ಛಲೋ ಅದ, ಪ್ರೀತಿಲೆ ಕರೀತದ.” ಅವಳು ಬೇವಿನ ನೆರಳಿನಲ್ಲಿ ಕುಳಿತಿದ್ದ ನಾಗೇಶ ಮತ್ತು ಮಾಸ್ತರ ಮುಂದೆ ಬುತ್ತಿ ಇಳಿಸಿದಳು.

ಗದ್ದೆಪ್ಪ ಅಟ್ಟದಿಂದ ಜಾರಿ ಬಿದ್ದು, ಎದ್ದು, ಅಲ್ಲಿಗೆ ಓಡಿದ. ಸ್ಪೀಕರಿನತ್ತ ಬೆರಳು ಮಾಡಿ, ತನ್ನ ಗಂಟಲು ಮುಟ್ಟಿಕೊಂಡು, ನಾಗೇಶನ ಕೊರಳಪಟ್ಟಿ ಹಿಡಿದ.

“ಏನಂತಾನ?” ಎಂದರು ಮಾಸ್ತರು.

“ಇದು ಅವನ ಧ್ವನಿ ಅಂತಾನ,” ಎಂದಳು ಆದೆಮ್ಮ. “ಅವನದs ಅಲ್ಲೇನು ಮತ್ತ? ಇಪ್ಪತ್ತು ವರ್ಷ ಕೇಳೀನಿ, ನನಗ ತಿಳಿಯಂಗಿಲ್ಲೇನು? ಬೆಳಿಗ್ಗೆ ನಾ ಹೊಗಳಿದ್ದು ಯಾರನ್ನಂತ ಮಾಡಿದ್ದಿ? ನಿನ್ನನ್ನs! ನೀನs ನಾಗೇಶಗ ಕೊಟ್ಟೀ ಅಂತ ತಿಳ್ಕೊಂಡಿದ್ದೆ.”

“ನಾವೂ ಹಂಗs ತಿಳ್ಕೊಂಡಿದ್ವಿ,” ಎಂದರು ಮಾಸ್ತರು. “ತಮ್ಮ ಧ್ವನಿ ತಮಗ ಗುರ್ತು ಹತ್ತಂಗಿಲ್ಲ ಬಿಡು. ನಂದು ಫೋನಿನ್ಯಾಗ ಮೊದಲ ಸಲ ಕೇಳಿದಾಗ ಯಾವ ಕತ್ತಿ ಒದರಾಕತ್ತದ ಅಂತ ಕೇಳಿದ್ದೆ.”

ನಾಗೇಶ ಕೊರಳಪಟ್ಟಿ ಮೆಲ್ಲಗೆ ಬಿಡಿಸಿಕೊಂಡ. “ಹೌದು ಕಾಕಾ, ನಿಂದs. ಅದಕ್ಕಿಂತ ಛಲೋ ಧ್ವನಿ ಈ ಸೀಮ್ಯಾಗ ಎಲ್ಲಿ ಸಿಗತದ? ಎಳ್ಳಮಾವಾಸಿ ದಿನ ಬದುವಿನ ಮ್ಯಾಲೆ ನಿಂತು ಫೋನಿನ್ಯಾಗ ರೆಕಾರ್ಡ್ ಮಾಡೀನಿ. ಆದ್ರ ಮಷೀನು ನಂದಲ್ಲ?”

ಗದ್ದೆಪ್ಪ ಆಸೆಯಿಂದ ಮಾಸ್ತರ ಕಡೆ ತಿರುಗಿದ. ಅವರು ಕನ್ನಡಕ ಏರಿಸಿಕೊಂಡು ಯೋಚಿಸಿದರು.

“ನೋಡು ಗದ್ದೆಪ್ಪಾ, ನಮ್ಮ ರಾಯಚೂರಿನ ಹತ್ತಿ ಎಲ್ಲೆಲ್ಲೋ ಹೋಗ್ತದ, ಅಂಗಿ ಆಗಿ ಬರ್ತದ. ನಮ್ಮ ಹತ್ತಿ ಅಂತ ಅಂಗಡಿಯಾಂವ ಪುಕ್ಕಟೆ ಕೊಡ್ತಾನೇನು? ಕಚ್ಚಾ ಮಾಲು ನಿಂದು, ಸಿದ್ಧ ಮಾಲು ಅವಂದು. ಒಪ್ಪಂದ ಒಪ್ಪಂದನs. ತಕರಾರು ಇದ್ರ ಈಗs ಬಾಯಿಬಿಟ್ಟು ಹೇಳು.”

ಗದ್ದೆಪ್ಪ ಬಾಯಿ ಬಿಟ್ಟ. ಇಲಿಮರಿ ಅತ್ತಂತೆ ಒಂದು ‘ಕಿಂಯ್’ ಬಂತು.

“ತಕರಾರಿಲ್ಲ,” ಎಂದರು ಮಾಸ್ತರು.

ಆದೆಮ್ಮ ಬುತ್ತಿಯ ಗಂಟು ಬಿಚ್ಚಿದಳು. ಬೆಳಿಗ್ಗೆ ಆ ಧ್ವನಿ ಕೇಳಿ ಮನಸ್ಸು ತುಂಬಿ ಬಂದು, ಅಪರೂಪಕ್ಕೆ ಎಣ್ಣೆಗಾಯಿ ಬದನೆಕಾಯಿ ಮಾಡಿದ್ದಳು. ಎಳೆ ಸೌತೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಿಸಿಯಾರದ ರೊಟ್ಟಿಗಳು. ನಾಗೇಶ ಬಾಕಿಯೇನೂ ಉಳಿಯದಂತೆ ಮುಂಗಡ ವಸೂಲಿ ಮಾಡಿಕೊಳ್ಳತೊಡಗಿದ. ಗಿಡದ ಮೇಲಿಂದ ಗದ್ದೆಪ್ಪನ ಧ್ವನಿ ಮತ್ತೆ, ‘ಆದೆಮ್ಮಾ... ನಿನ್ನ ದಾರಿ ನೋಡಿ ನೋಡಿ...’ ಎಂದಿತು. ಆದೆಮ್ಮ ಮೇಲೆ ನೋಡಿ ಮುಗುಳ್ನಕ್ಕಳು. ತನ್ನ ಮುಖ ನೋಡಿ ಅವಳು ಹಾಗೆ ನಕ್ಕಿದ್ದು ಯಾವಾಗ ಎಂದು ಗದ್ದೆಪ್ಪನಿಗೆ ನೆನಪಾಗಲಿಲ್ಲ. ಹೊಟ್ಟೆಯಲ್ಲಿ ಮತ್ತೆ ಮೆಣಸಿನಕಾಯಿ ಹುರಿಯಿತು. ಈ ಸಲ ಹಸಿವೂ ಸೇರಿತ್ತು.

ಬಿಟ್ಟ ಅಟ್ಟದ ಕಡೆ ನೋಡಿದ. ಗುಬ್ಬಿಗಳು ಅವನ ಜೋಳಕ್ಕೆ ಇಳಿಯುತ್ತಿದ್ದವು.

ನಾಗೇಶ ಕೈ ನೆಕ್ಕಿಕೊಂಡ. “ಮುಂಗಡ ಮುಟ್ಟಿತು ಕಾಕಾ. ಆ ಲೆಕ್ಕ ಚುಕ್ತಾ.”

ಗಂಟಿನಲ್ಲಿ ಇನ್ನೂ ರೊಟ್ಟಿ ಉಳಿದಿತ್ತು. ಗದ್ದೆಪ್ಪ ಮಾನ ಬಿಟ್ಟು, ಅತ್ತ ಕಣ್ಣಿಟ್ಟು, ಎರಡು ಬೆರಳು ಎತ್ತಿದ.

“ಹೌದು ಕಾಕಾ,” ಎಂದ ನಾಗೇಶ, ಆ ರೊಟ್ಟಿಯನ್ನೂ ಮುರಿಯುತ್ತಾ, “ಎರಡು ಚೀಲನs. ನಾ ಮರೆತಿಲ್ಲ.”