ಅಜ್ಜನ ಬಿಲ್ಲಿನ ರಾಕ್ ಸಂಗೀತ

ದೊಡ್ಡ ರಾಕ್ ಸಂಗೀತಗಾರರ ಬಾಲ್ಯ ಕಲ್ಲುಮುಳ್ಳಿನ ಹಾದಿಯಲ್ಲೇ ಕಳೆದಿರುತ್ತದೆ. ನನ್ನದು ಸವಣೂರಿನಲ್ಲಿ, ಅಪ್ಪನ ಗಾದಿ-ಹಾಸಿಗೆ ಅಂಗಡಿಯ ಹತ್ತಿ ರಾಶಿಯ ಮೇಲೆ ಬಹಳ ಮೆತ್ತಗೆ ಕಳೆಯಿತು. ಅದೊಂದೇ ಕೊರತೆ. ಉಳಿದಂತೆ ಕೀರ್ತಿಗೆ ಬೇಕಾದದ್ದೆಲ್ಲ ನನ್ನಲ್ಲಿತ್ತು: ಭುಜದವರೆಗೆ ಕೂದಲು, ಕರಿ ಟೀ ಶರ್ಟು, ಹಳೇ ಗಿಟಾರು ಮತ್ತು ಡ್ರಮ್ ಬಾರಿಸುವ ಗೆಳೆಯ ಮಂಜ.

ಶಿಗ್ಗಾಂವದ ಕಾಲೇಜೊಂದರ ಗ್ಯಾದರಿಂಗ್‌ನಲ್ಲಿ ನಮಗೆ ಮೊದಲ ಕಾರ್ಯಕ್ರಮ ಸಿಕ್ಕಿತು. ಅಪ್ಪ ಷರತ್ತು ಹಾಕಿದ.

"ಹೋಗು, ಬಾರಿಸು. ಮಂದಿ ಮೆಚ್ಚಿದ್ರ ಹಾಡ್ಕೋತ ಇರು, ನಾ ಬ್ಯಾಡ ಅನ್ನೂದಿಲ್ಲ. ಇಲ್ಲಂದ್ರ ಸೋಮಾರದಿಂದ ಸುಮ್ನ ಅಂಗಡ್ಯಾಗ ಕುಂದ್ರಬೇಕು."

"ಮೆಚ್ಚೂದೇನಪಾ, ಮಂದಿ ಹುಚ್ಚಾಗ್ತಾರ!" ಎಂದೆ.

ಹಾನಗಲ್‌ನಿಂದ ಬರಬೇಕಿದ್ದ ನಮ್ಮ ಬೇಸ್ ಗಿಟಾರಿನವನಿಗೆ ಅದೇ ದಿನ ಕನ್ಯಾ ನೋಡುವ ಕಾರ್ಯಕ್ರಮ ಬಂತು. ಅವನೂ ಹೋದ, ಗಿಟಾರೂ ಹೋಯಿತು. ಮಂಜ ತಲೆ ಹಿಡಿದು ಕುಳಿತ.

ಆಗ ನನ್ನ ಕಣ್ಣು ಅಂಗಡಿಯ ಗೋಡೆಯ ಮೇಲೆ ಬಿತ್ತು. ಅಲ್ಲಿ ನೇತಾಡುತ್ತಿತ್ತು ಅಜ್ಜ ಹತ್ತಿ ಹಿಂಜುತ್ತಿದ್ದ ಆಳೆತ್ತರದ ಬಿಲ್ಲು. ಹಿಂಜುವ ಮಷೀನು ಬಂದ ಮೇಲೆ ಅದರ ಕೆಲಸ ಅಪ್ಪನ ಅಂಗಿ ಹೊರುವುದಷ್ಟೇ. ಅಂಗಿ ತೆಗೆದು, ಮರದ ಕೊಡತಿಯಿಂದ ತಂತಿಗೆ ಒಂದು ಹೊಡೆದೆ. ಧೊಂಯ್! ಅಂಗಡಿಯ ಶಟರ್ ನಡುಗಿತು.

"ಯಪ್ಪಾ! ಇಂಥಾ ಬೇಸ್ ಯಾವ ಗಿಟಾರಿಗೈತೋ!" ಎಂದು ಮಂಜ ಕುಣಿದೇಬಿಟ್ಟ. ಬಿಲ್ಲಿಗೊಂದು ಸಣ್ಣ ಮೈಕು ಅಂಟಿಸಿದೆವು. ಜಗತ್ತಿಗೊಂದು ಹೊಸ ವಾದ್ಯ ಕೊಟ್ಟ ಹೆಮ್ಮೆಯಲ್ಲಿ ನನಗೆ ಊಟ ಸೇರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ತಡೆದ. "ಏನ್ರಿ ಇದು?"

"ಬೇಸ್ ವಾದ್ಯರಿ."

"ಏನರ ಇರ್ಲಿ, ಸೀಟ್ ಹಿಡದೈತಿ. ಟಿಕೀಟ್ ತೊಗೋರಿ."

ಶಿಗ್ಗಾಂವದವರೆಗೆ ಬಿಲ್ಲು ಕುಳಿತು ಬಂತು, ನಾನು ನಿಂತು ಬಂದೆ.

ಸಂಜೆ ನಾಲ್ಕಕ್ಕೆ ವೇದಿಕೆ ಹತ್ತಿದೆವು. ಸುತ್ತಲಿನ ಓಣಿಗಳು ನನ್ನ ಸಂಗೀತದಿಂದ ವಂಚಿತವಾಗಬಾರದೆಂದು ಎರಡು ಸ್ಪೀಕರ್‌ಗಳನ್ನು ಗೇಟಿನ ಹೊರಗೆ ತಿರುಗಿಸಿ ಇಡಿಸಿದ್ದೆ. ಈ ಬುದ್ಧಿವಂತಿಕೆ ಸಂಪೂರ್ಣವಾಗಿ ನನ್ನದೇ! ಮೊದಲ ಏಟಿಗೇ ಬಿಲ್ಲಿನಲ್ಲಿದ್ದ ಅಜ್ಜನ ಕಾಲದ ಹತ್ತಿಧೂಳು ಹಾರಿ ಮಂಜನ ಮೂಗು ಹೊಕ್ಕಿತು. ಅವನು ನಾಲ್ಕು ಸಲ ಸೀನಿದ, ಅದೂ ತಾಳಕ್ಕೆ ಸರಿಯಾಗಿ. ಹುಡುಗರು ಸೀಟಿ ಹೊಡೆದರು. ನಾನು ಗಿಟಾರ್ ಬದಿಗಿಟ್ಟು ಪೂರ್ತಿ ಬಿಲ್ಲಿಗೇ ಇಳಿದೆ. ಧೊಂಯ್! ಧೊಂಯ್!

ಎರಡನೇ ಹಾಡಿಗೆ ಗೇಟಿನಲ್ಲಿ ಒಬ್ಬ ಅಜ್ಜಿ ಕಾಣಿಸಿದಳು. ತಲೆಯ ಮೇಲೆ ಸುತ್ತಿದ ಗಾದಿ. ಅವಳ ಹಿಂದೆ ಇಬ್ಬರು ಹೆಂಗಸರು, ಅವರದೂ ಒಂದು ಗಾದಿ. ಅವರ ಹಿಂದೊಂದು ಕೈಗಾಡಿ, ಅದರ ತುಂಬ ಗಾದಿ!

"ಮಂಜ್ಯಾ, ನೋಡಲೇ! ಕುಂತು ಕೇಳಾಕ ಮನಿಯಿಂದ ಗಾದಿ ಹೊತ್ಕೊಂಡು ಬರಾಕತ್ತಾರ!"

ನನ್ನ ಕಣ್ಣು ತುಂಬಿ ಬಂತು. ಇಂಥ ಅಭಿಮಾನಿಗಳು ಯಾರಿಗುಂಟು? ಇನ್ನೂ ಜೋರಾಗಿ ಬಾರಿಸಿದೆ. ಇನ್ನೂ ಜಾಸ್ತಿ ಗಾದಿಗಳು ಬಂದವು.

ಅಜ್ಜಿ ನೇರವಾಗಿ ವೇದಿಕೆ ಹತ್ತಿ, ಮೈಕಿನ ಮುಂದೆ ಗಾದಿ ಕೆಡವಿದಳು.

"ಸಾಕ ಬಿಡೋ ಯಪ್ಪಾ! ಬಂದೇವಲ್ಲ, ಇನ್ನೆಷ್ಟ ಕರೀತಿ? ಇದರಾಗಿನ ಹತ್ತಿ ಕಲ್ಲಾಗೈತಿ. ಯಾವಾಗ ಹಿಂಜಿ ಕೊಡ್ತಿ?"

ಇಡೀ ಮೈದಾನಕ್ಕೆ ಕೇಳಿಸಿತು. ಆಗ ನನಗೆ ನೆನಪಾಯಿತು. ಅಜ್ಜ ಓಣಿ ಓಣಿ ತಿರುಗುವಾಗ ಬಾಯಿಬಿಟ್ಟು ಕೂಗುತ್ತಲೇ ಇರಲಿಲ್ಲ. ಬಿಲ್ಲು ಮೀಟುತ್ತಿದ್ದ; ಆ ಸದ್ದಿಗೆ ಹೆಂಗಸರು ಹಳೇ ಗಾದಿ ಹೊರಗೆ ತರುತ್ತಿದ್ದರು. ನಾನು ಅದೇ ಸದ್ದನ್ನು ಅರ್ಧ ಶಿಗ್ಗಾಂವಕ್ಕೆ ಕೇಳಿಸಿದ್ದೆ! ನಾಚಿಕೆಯಿಂದ ಡ್ರಮ್ಮಿನೊಳಗೆ ಹೊಕ್ಕು ಕೂರಬೇಕೆನಿಸಿತು.

ಮಂದಿ ಮೆಚ್ಚುತ್ತಾರೋ ಇಲ್ಲವೋ ನೋಡಲೆಂದೇ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದ ಅಪ್ಪ ಎದ್ದು ಬಂದ. ಮಗನ ಮಾನ ಕಾಯುತ್ತಾನೆಂದುಕೊಂಡೆ. ಅವನು ಮೈಕು ಕಸಿದುಕೊಂಡ.

"ಗದ್ಲ ಮಾಡಬ್ಯಾಡ್ರಿ, ಸಾಲಾಗಿ ಬರ್ರಿ. ಇಂವ ನನ್ನ ಮಗ. ಎಲ್ಲಾರ್ದೂ ಇವನ ಹಿಂಜತಾನ!"

ಅಂದಿನ ಅತಿ ದೊಡ್ಡ ಚಪ್ಪಾಳೆ ಅಪ್ಪನಿಗೆ ಬಿತ್ತು.

ಸೋಮವಾರದಿಂದ ಹಿಂಜಲು ಕುಳಿತವನು ಮೇಲೆದ್ದದ್ದು ಹದಿನೈದು ದಿನದ ಮೇಲೆ. ಕೆಲಸದ ಬಗ್ಗೆ ಈವರೆಗೆ ಒಂದೂ ದೂರು ಬಂದಿಲ್ಲ. ನನ್ನ ಮೊದಲ ಕಾರ್ಯಕ್ರಮಕ್ಕೆ ಓಡೋಡಿ ಬಂದ ಅಷ್ಟೂ ಶ್ರೋತೃಗಳು ಈಗ ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದಾರಂತೆ. ರಾಕ್ ಸಂಗೀತಗಾರನೊಬ್ಬನಿಗೆ ಇದಕ್ಕಿಂತ ಅವಮಾನ ಬೇಕೇ?