ಉಡುಪಿ ಪಂಚಾಂಗಕ್ಕೆ ತಿಳಿಸದೆ ಕಲಕತ್ತೆಯಲ್ಲಿ ಗ್ರಹಣ ಹಿಡಿಸಿಕೊಂಡ ಚಂದ್ರನಿಗೆ

ಸದರ್ನ್ ಅವೆನ್ಯೂ, ಮೂರನೆಯ ಮಹಡಿ, ಕಲಕತ್ತೆ
ಡಿಸೆಂಬರ್ ೧೯೭೯

ಮಾನ್ಯ ಚಂದ್ರಮರೇ,

ಹದಿನಾರು ಕಳೆಗಳಿಂದ ಕೂಡಿದ, ವಿರಹಿಗಳ ವೈರಿಯೂ ಮಕ್ಕಳ ಮಾಮನೂ ಆದ, ಹತ್ತು ವರ್ಷದ ಹಿಂದೆ ಅಮೆರಿಕದವರು ಬೂಟು ಹಾಕಿಕೊಂಡು ಮೈಮೇಲೆ ಓಡಾಡಿದರೂ ಚಕಾರವೆತ್ತದ ಸಹನಾಮೂರ್ತಿಗಳಾದ ತಮಗೆ ಇಂದುಮತಿ ಎಂಬ ಬಾಣಂತಿಯ ನಮಸ್ಕಾರಗಳು. ನನ್ನ ಹೆಸರಿನಲ್ಲೂ ತಾವೇ ಇದ್ದೀರಿ; ಆ ಸಲುಗೆಯಿಂದ ಈ ದೂರು.

ನಾವು ಉಡುಪಿಯ ಕಡೆಯವರು. ನನ್ನ ಗಂಡ ಮುರಾರಿಯವರದು ಇಲ್ಲೇ ಕೆಳಗೆ ಒಂದು ಸಣ್ಣ ದೋಸೆ ಹೋಟೆಲು. ಮನೆಯ ಆಡಳಿತ ಅತ್ತೆ ಪ್ರಫುಲ್ಲಾ ಅವರದು, ಅತ್ತೆಯ ಮೇಲಿನ ಆಡಳಿತ ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುವ ಉಡುಪಿ ಪಂಚಾಂಗದ್ದು. ಇಪ್ಪತ್ತು ವರ್ಷ ಕಲಕತ್ತೆಯ ನೀರು ಕುಡಿದರೂ ಅವರ ಏಕಾದಶಿ, ಅಮಾವಾಸ್ಯೆ, ಸೂರ್ಯೋದಯ ಎಲ್ಲ ಉಡುಪಿಯದೇ. ಇಲ್ಲಿನ ಸೂರ್ಯ ಬಂದು ಕಿಟಕಿಯಲ್ಲಿ ಎಷ್ಟೋ ಹೊತ್ತು ಕಾದ ಮೇಲೆಯೇ ನಮ್ಮ ಮನೆಗೆ ಬೆಳಗಾಗುವುದು.

ಕಳೆದ ಸೆಪ್ಟೆಂಬರಿನ ಹುಣ್ಣಿಮೆಗೆ ನಾನು ಏಳು ತಿಂಗಳ ಬಸುರಿ. ಬಸುರಿ ಗ್ರಹಣ ನೋಡಿದರೆ, ಆ ಹೊತ್ತಿನಲ್ಲಿ ಏನಾದರೂ ಕೊಯ್ದರೆ, ಹುಟ್ಟುವ ಮಗುವಿನ ತುಟಿ ಸೀಳಿರುತ್ತದೆ ಎಂಬ ನಂಬಿಕೆ ತಮಗೆ ಗೊತ್ತಿದ್ದದ್ದೇ, ತಮ್ಮ ಹೆಸರಿನಲ್ಲೇ ನಡೆಯುವ ವ್ಯವಹಾರವಲ್ಲವೇ? ಅತ್ತೆ ವಾರದ ಮೊದಲೇ ಕನ್ನಡಕ ಒರೆಸಿಕೊಂಡು ಪಂಚಾಂಗ ನೋಡಿದರು. ಉಡುಪಿಯಲ್ಲಿ ತಾವು ಮೂಡುವ ಮೊದಲೇ ಗ್ರಹಣ ಬಿಟ್ಟಿರುತ್ತದೆ, ಕಾಣದ ಗ್ರಹಣಕ್ಕೆ ಆಚರಣೆಯಿಲ್ಲ ಎಂದಿತ್ತು. "ಈ ಸಲ ನಮ್ಗೆ ಗ್ರಹಣ ಇಲ್ಲ ಮಾರಾಯ್ತಿ, ಟೆರೇಸಿಗೆ ಹೋಗಿ ಸ್ವಲ್ಪ ಗಾಳಿಗೆ ಕೂತ್ಕೊ" ಎಂದು ಆ ಸಂಜೆ ಅವರೇ ನನ್ನನ್ನು ಕಳಿಸಿದರು. ಉಡುಪಿಗಿಂತ ಕಲಕತ್ತೆಯಲ್ಲಿ ತಾವು ಮುಕ್ಕಾಲು ಗಂಟೆ ಮೊದಲೇ ಬರುತ್ತೀರೆಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ನಾನು ಪೇರಳೆಹಣ್ಣು ಕೊಯ್ದು, ಉಪ್ಪು ಖಾರ ಹಚ್ಚಿ ತಿನ್ನುತ್ತಾ ಕೂತಿದ್ದೆ. ಅಕ್ಕಪಕ್ಕದ ಮನೆಗಳಲ್ಲಿ ಶಂಖ ಊದಿದರು. ಬಂಗಾಳಿಗಳು ದಿನಾ ಮುಸ್ಸಂಜೆಗೆ ಊದುವವರೇ, ಅದೇ ಇರಬೇಕೆಂದುಕೊಂಡೆ. ತಲೆಯೆತ್ತಿದರೆ ಕಸ್ಬಾದ ಕಡೆ, ರೈಲು ಹಳಿಯಾಚೆ, ತಾವು! ಕಚ್ಚಿ ಬಿಟ್ಟ ದೋಸೆಯ ಹಾಗೆ ಒಂದು ಬದಿಯೇ ಇಲ್ಲ. ನೋಡುವುದು, ಕೊಯ್ಯುವುದು, ತಿನ್ನುವುದು, ಬಸುರಿ ಮಾಡಬಾರದ ಮೂರನ್ನೂ ಒಂದೇ ಏಟಿಗೆ ಮುಗಿಸಿದ ಕೀರ್ತಿ ನನ್ನದಾಯಿತು. ಆದರೂ ಕಣ್ಣು ಕೀಳಲಾಗಲಿಲ್ಲ, ಅಷ್ಟು ಚಂದ ಇದ್ದಿರಿ. ಹತ್ತು ನಿಮಿಷವಾಗಿತ್ತೋ ಏನೋ, ಒಣಗಿದ ಬಟ್ಟೆ ತೆಗೆಯಲು ಅತ್ತೆ ಮೇಲೆ ಬಂದರು, ಒಂದು ಸಲ ಆಚೆ ಕಣ್ಣು ಹಾಯಿಸಿದವರೇ ಸೆರಗಿನಿಂದ ಮುಖ ಮುಚ್ಚಿಕೊಂಡರು. "ಅಯ್ಯೋ ದೇವರೇ, ಎಂತ ಮಾಡಿದೆ ನೀನು! ಅಲ್ಲ, ಎಂತ ಮಾಡಿದೆ ನಾನು!"

ಸ್ವಾಮೀ, ಟ್ರಾಮು ತಡ, ಕರೆಂಟು ತಡ, ರೇಷನ್ ಅಕ್ಕಿ ತಡವಾಗಿ ಬರುವ ಈ ಊರಿನಲ್ಲಿ ಹೊತ್ತಿಗೆ ಸರಿಯಾಗಿ ಬರಬೇಕೆಂಬ ಹಟ ತಮಗೊಬ್ಬರಿಗೇ ಏಕೆ? ಒಂದು ಕಾಲು ಗಂಟೆ ಕಸ್ಬಾದಲ್ಲೇ ಚಹಾ ಕುಡಿಯುತ್ತ ಕೂತಿದ್ದರೆ ನಮ್ಮ ಮನೆ ಉಳಿಯುತ್ತಿತ್ತು. ಮುಂದಾದರೂ ಉಡುಪಿಯವರ ಟೆರೇಸಿಗೆ ಪ್ರತ್ಯೇಕವಾಗಿ ಉಡುಪಿಯ ಹೊತ್ತಿಗೇ ಮೂಡುವ ಏರ್ಪಾಡಾಗಬೇಕೆಂದು ವಿನಂತಿ.

ಅಂದಿನಿಂದ ಪಂಚಾಂಗ ಅಕ್ಕಿ ಡಬ್ಬದ ಅಡಿಗೆ ಹೋಯಿತು. ಕಣ್ಣೆದುರಿಗೇ ಇರಲೆಂದು, ಹೆರಿಗೆಗೆ ನನ್ನನ್ನು ಊರಿಗೆ ಕಳಿಸುವ ಮಾತು ನಿಂತಿತು. ಅತ್ತೆ ಹೊರದ ಹರಕೆಯಿಲ್ಲ; ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಾನು ಎದುರಿಗೆ ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೂ ಹೆದರಿಕೆಯಾಗಿತ್ತು. ಮಲಗಿದಾಗ ನನ್ನದೇ ತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನವೆಂಬರಿನಲ್ಲಿ ಮಗಳು ಹುಟ್ಟಿದಳು. ಅತ್ತೆ ದೀಪದ ಹತ್ತಿರ ಎತ್ತಿಕೊಂಡು ಹೋಗಿ ತುಟಿ, ಕಿವಿ, ಬೆರಳು ಎಲ್ಲ ಪರೀಕ್ಷೆ ಮಾಡಿದರು. ಒಂದು ಗೆರೆಯಷ್ಟೂ ಕುಂದಿಲ್ಲ. ನಗುತ್ತಾರೆಂದುಕೊಂಡರೆ ಗೋಡೆಗೆ ಒರಗಿ ಅತ್ತುಬಿಟ್ಟರು. ಮುರಾರಿಯವರಿಗಿಂತ ಮೊದಲು ಅವರಿಗೊಂದು ಹೆಣ್ಣುಮಗು ಹುಟ್ಟಿ, ಒಂಬತ್ತೇ ದಿನ ಬದುಕಿತ್ತಂತೆ. ಆ ಬಸುರಿನಲ್ಲೂ ಗ್ರಹಣ ಬಂದಿತ್ತಂತೆ. "ಬಾಗಿಲು ಹಾಕಿ, ಕಿಟಕಿಗೆ ಗೋಣಿ ಕಟ್ಟಿ ಮಲಗಿದ್ದೆ. ಕೈ ಸಹ ಅಲ್ಲಾಡಿಸ್ಲಿಲ್ಲ. ಎಲ್ಲಿಂದ ಬೆಳಕು ಒಳಗೆ ಬಂತೋ ಗೊತ್ತಿಲ್ಲ" ಎಂದರು. ಮೂವತ್ತೆಂಟು ವರ್ಷದಿಂದ ಅವರು ಆ ಗೋಣಿಯಲ್ಲಿ ತೂತು ಹುಡುಕುತ್ತಲೇ ಇದ್ದಾರೆ.

ಆದ್ದರಿಂದ ಮೇಲಿನ ವಿನಂತಿಯನ್ನು ವಾಪಸು ಪಡೆದಿದ್ದೇನೆ. ತಾವು ಎಷ್ಟು ಹೊತ್ತಿಗೆ ಬೇಕಾದರೂ ಮೂಡಿ. ಆ ಕೋಣೆಯೊಳಗೆ ತಾವು ಹೋಗಿರಲಿಲ್ಲ, ಆ ಮಗುವಿನ ಸುದ್ದಿಯೇ ತಮಗೆ ಗೊತ್ತಿಲ್ಲ ಎಂದು ನನ್ನ ಅತ್ತೆಗೆ ಒಂದು ಸಾಲು ಬರೆದು ಕೊಡಿ, ಸಾಕು.

ಉತ್ತರ ಬರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಇಂದುಮತಿ

ಮರೆತ ಮಾತು: ಅತ್ತೆ ಈ ಅರವತ್ತು ವರ್ಷದಲ್ಲಿ ಒಮ್ಮೆಯೂ ಗ್ರಹಣವನ್ನು ಕಣ್ತುಂಬ ನೋಡಿಲ್ಲವಂತೆ. ಮುಂದಿನ ಸಲ ಮೊಮ್ಮಗಳನ್ನು ಎತ್ತಿಕೊಂಡು ನನ್ನ ಜೊತೆ ಟೆರೇಸಿಗೆ ಬರುವುದಾಗಿ ಒಪ್ಪಿದ್ದಾರೆ. ತಮ್ಮನ್ನು ಕೇಳುವುದು ಅವರಿಗೆ ಬಹಳ ಇದೆ. ಅಂದು ತಾವು ಮೋಡದ ಹಿಂದೆ ಅಡಗಿಕೊಂಡರೆ ತಪ್ಪೊಪ್ಪಿಕೊಂಡಿರೆಂದೇ ತಿಳಿಯುತ್ತೇವೆ.