ನನ್ನ ಷಡ್ಡಕನಿಗೆ ಬೀಳುವ ಲೈಕುಗಳು

ನನ್ನ ಷಡ್ಡಕ ಈ ತಾಲ್ಲೂಕಿನ ಬಹುದೊಡ್ಡ ಕಲಾವಿದ. ಈ ಮಾತನ್ನು ನಾನು ಹೇಳುತ್ತಿಲ್ಲ. ಹೇಳಲು ನನಗೆ ನಾಲಿಗೆಯೂ ಹೊರಳುವುದಿಲ್ಲ. ಅವನ ಮೊಬೈಲಿನೊಳಗೆ ಸೇರಿಕೊಂಡಿರುವ ಸಾವಿರಾರು ಅಭಿಮಾನಿಗಳು ದಿನಾ ಬೆಳಿಗ್ಗೆ ಹೇಳುತ್ತಾರೆ. ಪೆನ್ಸಿಲು ಕೊಟ್ಟರೆ ಅದರಲ್ಲಿ ಕಿವಿ ಕೆರೆದುಕೊಳ್ಳುವ ಮನುಷ್ಯ! ಹೊಳಲ್ಕೆರೆಯಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ನಾನೋ, ಅದೇ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಚಿತ್ರಕಲೆಯನ್ನೇ ಓದಿ ಡಿಪ್ಲೊಮಾ ತಂದವನು. ಒಂದೇ ಮನೆಯ ಅಕ್ಕನನ್ನು ನನಗೆ, ತಂಗಿಯನ್ನು ಅವನಿಗೆ ಕೊಟ್ಟಿದ್ದಾರೆ. ಮಾವನವರು ಬದುಕಿದ್ದಾಗ ಮನೆಗೆ ಬಂದವರಿಗೆಲ್ಲ “ನಮ್ ದೊಡ್ಡಳಿಯ ಆರ್ಟಿಸ್ಟು” ಎನ್ನುತ್ತಿದ್ದರು. ನೆಂಟರಿಷ್ಟರಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿನದು. ಹೇಳಿದ್ದನ್ನೆಲ್ಲ ಚಿತ್ರ ಮಾಡಿಕೊಡುವ ಎಐ ಎಂಬ ಮಾಯೆ ಬಂದು ಅದಕ್ಕೇ ಕನ್ನ ಹಾಕಿತು.

ಅವನು ಅದರ ಕೈಯಲ್ಲಿ ಕೆಲಸ ತೆಗೆಯುವುದನ್ನು ನೀವು ನೋಡಬೇಕು. ಅಂಗಡಿಯ ಸ್ಟೂಲಿನ ಮೇಲೆ ಕೂತು, ತಾಮ್ರದ ತಂತಿ ಸುತ್ತುತ್ತಲೇ ಮೊಬೈಲಿಗೆ ಹೇಳುತ್ತಾನೆ: “ಒಂದು ರಾಜನ್ನ ಬರಿಯಪ್ಪ. ಕುದ್ರೆ ಮೇಲೆ ಕುಂತಿರ್ಲಿ. ಲೇ, ಅಷ್ಟೊಂದು ಧೂಳು ಬ್ಯಾಡ ಕಣಲೇ, ಕಡಿಮೆ ಮಾಡು.” ರಾಜನ ಕೈಗೆ ಆರು ಬೆರಳು ಬಂದಿದೆಯಲ್ಲೋ ಎಂದರೆ, “ಇರ್ಲಿ ಬಿಡಣ್ಣ, ಅವಸರದಾಗೆ ಒಂದು ಜಾಸ್ತಿ ಬಿದ್ದೈತೆ” ಎಂದು ನನಗೇ ಸಮಾಧಾನ ಮಾಡುತ್ತಾನೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ ಅದನ್ನು ಏನೂ ಕೇಳುವುದಿಲ್ಲ. “ಉಣ್ಣೋ ಹೊತ್ನಾಗೆ ಯಾರಿಗೂ ಕೆಲ್ಸ ಹೇಳ್ಬಾರ್ದಣ್ಣ.” ಯಂತ್ರಕ್ಕೂ ಊಟದ ಬಿಡುವು ಕೊಡುವ ಧಣಿ ಬೇರೆಲ್ಲಾದರೂ ಇದ್ದಾನೆಯೇ? ಆಯುಧಪೂಜೆಯ ದಿನ ಮೋಟಾರು, ಸ್ಪ್ಯಾನರುಗಳ ಸಾಲಿನಲ್ಲಿ ಮೊಬೈಲನ್ನೂ ಇಟ್ಟು ವಿಭೂತಿ ಬಳಿದು ಕುಂಕುಮ ಹಚ್ಚಿದ. ಕುಂಕುಮ ಸರಿಯಾಗಿ ಕ್ಯಾಮೆರಾದ ಕಣ್ಣಿಗೇ ಬಿತ್ತು. ಆಮೇಲೆ ಒಂದು ವಾರ ಅವನು ತೆಗೆದ ಫೋಟೊಗಳಲ್ಲೆಲ್ಲ ಸೂರ್ಯ ಮುಳುಗುತ್ತಲೇ ಇದ್ದ. ಅದಕ್ಕೂ ಲೈಕು ಬಿದ್ದವು!

ಕಳೆದ ಬೇಸಿಗೆಯಲ್ಲಿ ನಾನು ದುರ್ಗದ ಕೋಟೆಗೆ ಹೋಗಿ, ಬಂಡೆಯ ಮೇಲೆ ಕೂತು ಬೆನ್ನು ಸುಟ್ಟುಕೊಂಡು, ಜಲವರ್ಣದಲ್ಲಿ ಒಂದು ಬುರುಜು ಬರೆದೆ. ಮಂಗವೊಂದು ಹಳದಿ ಬಣ್ಣದ ಟ್ಯೂಬನ್ನು ಹೊತ್ತೊಯ್ದರೂ ಬಿಡದೆ ಬರೆದೆ. ಮನೆಗೆ ಬಂದು ಫೋಟೊ ತೆಗೆದು ಹಾಕಿದರೆ ಹನ್ನೊಂದು ಲೈಕು. ಅದರಲ್ಲಿ ಒಂದು ನನ್ನದೇ. ಅದೇ ಸಂಜೆ ಷಡ್ಡಕನ ಕೋಟೆ ಬಂತು. ಬುರುಜಿಗೆ ಚಿನ್ನದ ಗೋಪುರ, ಕೆಳಗೆ ಕಮಲದ ಕೊಳ, ಗೋಡೆಯ ಮೇಲೆ ಸಾಲು ಸಾಲು ನವಿಲು! ಜನ “ನಮ್ಮ ದುರ್ಗ ನಮ್ಮ ಹೆಮ್ಮೆ” ಎಂದು ಮುಗಿಬಿದ್ದರು. ಹುಟ್ಟಿದಾಗಿನಿಂದ ಆ ಕೋಟೆಯನ್ನು ನೋಡುತ್ತಾ ಬೆಳೆದವರು ಸ್ವಾಮಿ ಇವರು! ತಡೆಯಲಾರದೆ ಅವನ ಚಿತ್ರದ ಕೆಳಗೆ ಬರೆದೆ: “ಈ ಗೋಪುರ ಯಾವ ಕಾಲದ್ದು?” ಕೈಮುಗಿದ ಗುರುತಿನೊಂದಿಗೆ ತಕ್ಷಣ ಉತ್ತರ ಬಂತು: “ಥ್ಯಾಂಕ್ಸ್ ಅಣ್ಣ, ಎಲ್ಲಾ ನಿಮ್ಮ ಆಶೀರ್ವಾದ.” ಆ ಉತ್ತರಕ್ಕೇ ನನ್ನ ಬುರುಜಿಗಿಂತ ಹೆಚ್ಚು ಲೈಕು ಬಿದ್ದವು.

ಅವನದು ಕುರಿ ಸಾಕುವವರ ಮನೆತನ. ಒಮ್ಮೆ ತಮ್ಮ ಹಟ್ಟಿಯ ನೆನಪಿಗೆಂದು ಒಂದು ಕುರಿಮಂದೆ ಮಾಡಿಸಿದ. ಯಂತ್ರ ಕೊಟ್ಟದ್ದು ಹತ್ತಿ ಮೂಟೆಯಂಥ ಬೆಳ್ಳನೆಯ ಕುರಿಗಳು. ನಮ್ಮ ಸೀಮೆಯ ಕರಿಕುರಿಯ ಸುಳಿವೇ ಇಲ್ಲ. ಸದ್ಯ, ಈ ಸಲವಾದರೂ ಜನ ನಗುತ್ತಾರೆ ಎಂದು ಆಸೆಯಿಂದ ಕಾದೆ. ನಾನು ಅವನ ಅಂಗಡಿಯಲ್ಲಿ ಕೂತಿದ್ದಾಗಲೇ ಹಿರಿಯೂರಿನಿಂದ ಫೋನು ಬಂತು! “ಆ ಮುಂದಿರೋ ಟಗರು ಕೊಡ್ತೀರೇನ್ರಿ? ರೇಟು ಹೇಳ್ರಿ, ನಾಳೇನೇ ಗಾಡಿ ತರ್ತೀವಿ.”

ಷಡ್ಡಕ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ, “ಏನು ಹೇಳಾಣ ಅಣ್ಣ?”

“ಅಂಥ ಟಗರೇ ಇಲ್ಲ ಅಂತ ಹೇಳು.”

“ಛೆ, ಪಾಪ, ಬೇಜಾರು ಮಾಡ್ಕಂತಾರೆ” ಎಂದವನೇ ಫೋನಿಗೆ, “ಅದು ದೇವ್ರಿಗೆ ಬಿಟ್ಟಿರೋದು ಕಣ್ರಿ, ಮಾರಲ್ಲ” ಎಂದ. ಮರುದಿನದಿಂದ ಆ ಟಗರಿಗೆ ಜನ ಕೈಮುಗಿಯತೊಡಗಿದರು.

ನನ್ನ ಹೆಂಡತಿಯಾದರೂ ನನ್ನ ಪಕ್ಷ ವಹಿಸಬೇಡವೇ? ಅವಳು ತನ್ನ ಡಿಪಿಗೆ ಆ ನವಿಲಿನ ಕೋಟೆಯನ್ನು ಹಾಕಿಕೊಂಡಳು. “ನಂದು ಹಾಕ್ಬಾರ್ದಿತ್ತಾ?” ಎಂದೆ. “ನಿಮ್ದು ಬರೀ ಬಿಸ್ಲು ಕಣ್ರಿ. ನೋಡಿದ್ರೆ ಬಾಯಾರಿಕೆ ಆಗ್ತೈತೆ” ಎಂದಳು. ಇದು ಹೊಗಳಿಕೆ ಇರಬಹುದೇ ಎಂದು ಎರಡು ದಿನ ಯೋಚಿಸಿದೆ. ಇಷ್ಟು ಸಾಲದೆಂಬಂತೆ ನಮ್ಮ ಶಾಲೆಯ ಚಿತ್ರಕಲಾ ಸ್ಪರ್ಧೆಗೆ ಹೆಡ್‌ಮಾಸ್ಟರು ಅವನನ್ನೇ ಮುಖ್ಯ ಅತಿಥಿಯಾಗಿ ಕರೆಸಿದರು. ಹಾರ ಹಾಕಿದವನು ನಾನು! ಹೊಟ್ಟೆಯ ಕಿಚ್ಚಿಗೆ ಹೊಗೆ ಬರುವುದಿಲ್ಲವೆಂಬುದೊಂದೇ ಅವತ್ತು ನನ್ನ ಮಾನ ಉಳಿಸಿತು.

ಇಂಥವನು ಈ ಸಲ ಪಿತೃಪಕ್ಷಕ್ಕೆ ಮುಂಚೆ ಒಂದು ಭಾನುವಾರ ಮನೆಗೆ ಬಂದು, “ಅಣ್ಣಾ, ಪೆನ್ಸಿಲು ಹಾಳೆ ತಗಂಡು ನಮ್ಮನೀಗೆ ಬರ್ರಿ” ಎಂದ. ನನ್ನ ಕಿವಿ ನೆಟ್ಟಗಾದವು. ದಾರಿಯಲ್ಲಿ ವಿಷಯ ಹೇಳಿದ. ಅವನಿಗೆ ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಒಂದು ಫೋಟೊ ಕೂಡ ಇಲ್ಲ. ಹಿರಿಯರಿಗೆ ಎಡೆ ಇಡುವಾಗ ಉಳಿದವರ ಮನೆಯಲ್ಲಿ ಫೋಟೊ ಇರುತ್ತದೆ; ಅವರ ಮನೆಯಲ್ಲಿ ಕಳಶದ ಪಕ್ಕ ಒಂದು ಹೊಸ ಪಂಚೆ, ಟವೆಲು. ಈ ಸಲ ಮುಖವೂ ಇರಲಿ ಎಂದು, ಅವ್ವ ಹೇಳಿದ ಗುರುತನ್ನೆಲ್ಲ ಮೊಬೈಲಿಗೆ ಹೇಳಿ ಹೇಳಿ ಅಪ್ಪಂದಿರನ್ನು ಮಾಡಿಸಿದ್ದ. ಒಬ್ಬೊಬ್ಬರೂ ಸಿನಿಮಾ ಹೀರೋಗಳು! ಅವನ ಅವ್ವ ಯಾರನ್ನೂ ಒಪ್ಪಿರಲಿಲ್ಲ. ನಾನು ಹೋದಾಗಲೂ ಅದನ್ನೇ ಹೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು: “ಇಂಥಾ ಚಂದದೋರು ನನ್ನ ಯಾಕೆ ಕಟ್ಕಂತಿದ್ರು ಮೇಷ್ಟ್ರೇ?”

ಗೆದ್ದೆ ಎಂದುಕೊಂಡೆ. ಗರ್ವದಿಂದಲೇ ಪೆನ್ಸಿಲು ಚೂಪು ಮಾಡಿ, ಷಡ್ಡಕನನ್ನು ಎದುರಿಗೆ ಕೂರಿಸಿ, ಅವನ ಮುಖದಿಂದಲೇ ಶುರು ಮಾಡಿದೆ. ಅವ್ವ ಪಕ್ಕದಲ್ಲಿ ಕೂತು ತಿದ್ದುತ್ತಿದ್ದರು. “ಕಿವಿ ಇವಂದೇ ಇರ್ಲಿ. ಕೆನ್ನೆ ಇಷ್ಟಿರ್ಲಿಲ್ಲ, ಹಸ್ಕಂಡಿರೋರ ಕೆನ್ನೆ ಹಾಕ್ರಿ.” ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಇಷ್ಟು ದಿನ ಹೊಟ್ಟೆಕಿಚ್ಚುಪಡುತ್ತಲೇ ಕಳೆದವನು ಇವನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎನಿಸಿತು. ಬಾಯಿಯ ಹತ್ತಿರ ಬಂದಾಗ ಅವ್ವ ತಿದ್ದುವುದನ್ನು ಬಿಟ್ಟು ಸೆರಗಿನ ಅಂಚು ಮಡಚತೊಡಗಿದರು.

“ಬಾಯಿ ಹೆಂಗಿತ್ತವ್ವ?” ಎಂದೆ.

ಅವರು ಮಗನ ಕಡೆ ನೋಡದೆ ಮೆಲ್ಲಗೆ ಹೇಳಿದರು: “ಮರ್ತೋಗೈತಪ್ಪ. ಇವನಿಗೆ ಹೇಳಿರ್ಲಿಲ್ಲ. ನೀವೇ ಒಂದು ಹಾಕ್ಬಿಡ್ರಿ, ಅದೇ ಅವರ್ದು ಅಂದ್ಕಂತೀನಿ.”

ನಾನು ಷಡ್ಡಕನ ಬಾಯಿಯನ್ನೇ ಬರೆದೆ.

ಈಗ ಮೊಬೈಲು ತೆಗೆಯುತ್ತಾನೆ, ನನ್ನ ಗೆರೆಯನ್ನು ಅವನ ಸಾವಿರಾರು ಜನ ನೋಡುತ್ತಾರೆ ಎಂದು ಕಾದೆ, ಸುಳ್ಳೇಕೆ? ಅವನು ಮೊಬೈಲು ಮುಟ್ಟಲಿಲ್ಲ. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದ. ಆಮೇಲೆ ತಲೆ ಎತ್ತದೆಯೇ ಕೇಳಿದ:

“ಇವ್ರು ನನ್ನ ಎತ್ಕಂಡಿದ್ರೇನವ್ವ?”

“ಎತ್ಕಂಡಿದ್ರು ಕಣೋ. ಕೆಳಗೆ ಇಳಿಸ್ತಾನೇ ಇರ್ಲಿಲ್ಲ.”